ಮಳೆಯ ಪುಟ ಎಲ್ಲಿ ಹೋಯಿತು?



ಕೆಲವು ವರ್ಷಗಳ ಹಿಂದೆ, ದೀಪಾವಳಿ ರಜೆ ಮುಗಿದು ಕಚೇರಿಗೆ ಬಂದಾಗ ನನ್ನ ಮೇಜಿನ ಮೇಲೆ ಒಂದು ಅಂಚೆ ಕಾರ್ಡು ಇತ್ತು. ಬರೆದವಳು ಏಳನೇ ತರಗತಿಯ ಹುಡುಗಿ. ದುಂಡಗಿನ ಅಕ್ಷರ. "ಮೇಡಂ, ನಮಸ್ಕಾರಗಳು. ನಾವು ಅಳೆದು ಕಳಿಸಿದ ಮಳೆಯ ಲೆಕ್ಕ ಕಂಪ್ಯೂಟರಿನಲ್ಲಿ ಇಲ್ಲ. ನೀವು ಅಚ್ಚು ಹಾಕಿಸಿದ ವಿಳಾಸವನ್ನೇ ಒತ್ತಿದೆವು. 404 ಎಂದು ಬರುತ್ತದೆ. ನಮ್ಮ ಲೆಕ್ಕ ಅಳಿಸಿಹೋಯಿತೇ? ಪುಸ್ತಕವನ್ನು ನಿಮಗೇ ಕೊಟ್ಟಿದ್ದೇವೆ. ನಮ್ಮ ಹತ್ತಿರ ಬೇರೆ ಪ್ರತಿ ಇಲ್ಲ."

ಅದು ಸಣ್ಣ ಲೆಕ್ಕವಾಗಿರಲಿಲ್ಲ. ಆ ಶಾಲೆಯ ಮಕ್ಕಳು ನೀರಿನ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಆಲಿಕೆಯಂತೆ ಬೋರಲು ಹಾಕಿ, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿ ಮಳೆಮಾಪಕ ಮಾಡಿಕೊಂಡಿದ್ದರು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನೀರನ್ನು ಅಳೆದು ಬರೆದಿದ್ದರು. ಭಾರತ ಹವಾಮಾನ ಇಲಾಖೆಯೂ ಒಂದು ದಿನದ ಮಳೆಯನ್ನು ಬೆಳಿಗ್ಗೆ ಎಂಟೂವರೆಗೇ ಅಳೆಯುತ್ತದೆ, ಅದಕ್ಕೇ ಆ ಹೊತ್ತು. ಒಟ್ಟು 122 ದಿನ. ಭಾನುವಾರವೂ ಬಿಟ್ಟಿರಲಿಲ್ಲ. ಸಿ.ಆರ್.ಪಿ. ಅವರ ಕೈಯಲ್ಲಿ ಪುಸ್ತಕ ನಮಗೆ ಬಂತು, ನಾವು ಅದನ್ನು ಜಾಲತಾಣಕ್ಕೆ ಏರಿಸಿದೆವು, ಆ ಪುಟದ ವಿಳಾಸವನ್ನು ಮಕ್ಕಳ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದೆವು.

ಲೆಕ್ಕ ಅಳಿಸಿರಲಿಲ್ಲ. ತಪ್ಪು ನನ್ನದು. ರಜೆಯಲ್ಲಿ ಜಾಲತಾಣವನ್ನು ಅಚ್ಚುಕಟ್ಟು ಮಾಡಲು ಹೋಗಿ, 'ಮಳೆ' ಎಂಬ ಕಡತಕೋಶವನ್ನು ಎತ್ತಿ 'ಹವಾಮಾನ' ಎಂಬ ಇನ್ನೊಂದರ ಒಳಗೆ ಇಟ್ಟಿದ್ದೆ. ಪುಟದ ವಿಳಾಸ 'ಮಳೆ' ಎಂದಿದ್ದದ್ದು 'ಹವಾಮಾನ/ಮಳೆ' ಎಂದಾಯಿತು. ಅಚ್ಚಾಗಿ ಊರೂರಿಗೆ ಹೋದ ಪತ್ರಿಕೆಯನ್ನು ಮರೆತೇಬಿಟ್ಟಿದ್ದೆ. ಕಂಪ್ಯೂಟರಿನಲ್ಲಿ ಇರುವುದನ್ನು ತಿದ್ದಬಹುದು. ಶಾಲೆಯ ಗೋಡೆಗೆ ಅಂಟಿಸಿದ ಕಾಗದವನ್ನು ತಿದ್ದಲು ಆಗುತ್ತದೆಯೇ?

ಅಂದೇ ಆ ಹುಡುಗಿಗೆ "ಲೆಕ್ಕ ಭದ್ರವಾಗಿದೆ, ಪುಸ್ತಕವೂ ಇದೆ" ಎಂದು ಉತ್ತರ ಬರೆದೆ. ಆದರೆ ಹಳೆಯ ವಿಳಾಸ ಒತ್ತಿದವರಿಗೂ ಹೊಸ ಪುಟ ಸಿಗುವಂತೆ ಮಾಡಲು ನನಗೆ ಮೂರು ಸಂಜೆ ಹಿಡಿಯಿತು. ಒಂದೇ ಸಾಲಿನ ಕೆಲಸ ಅದು! ಆ ಒಂದು ಸಾಲು ಎಷ್ಟು ಬಗೆಯಲ್ಲಿ ಕೆಟ್ಟಿತು, ಕೆಟ್ಟದ್ದನ್ನು ಹೇಗೆ ಹುಡುಕಿದೆ ಎಂಬುದನ್ನು ಹೇಳುತ್ತೇನೆ.

ಕೇಳುವವರು, ಕೊಡುವವರು

ಜಾಲತಾಣ ಎಂಬುದು ಗಾಳಿಯಲ್ಲಿ ತೇಲುವ ವಸ್ತುವಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಹಗಲೂ ರಾತ್ರಿ ಚಾಲೂ ಇರುವ ಕಂಪ್ಯೂಟರಿನಲ್ಲಿ ಅದರ ಪುಟಗಳು ಇರುತ್ತವೆ. ಕೇಳಿದವರಿಗೆ ಪುಟ ಕೊಡುವುದೇ ಅದರ ಕೆಲಸ. ಅದನ್ನು ಸರ್ವರ್ ಎನ್ನುತ್ತಾರೆ. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಅಥವಾ ಮನೆಯ ಮೊಬೈಲಿನಲ್ಲಿ ಪುಟಗಳನ್ನು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಬ್ರೌಸರ್ ಒಂದು ವಿಳಾಸ ಹೇಳಿ "ಇದನ್ನು ಕೊಡಿ" ಎಂದು ಕೇಳುತ್ತದೆ. ಸರ್ವರ್ ಉತ್ತರ ಕೊಡುವಾಗ ಮೊದಲು ಒಂದು ಮೂರಂಕಿಯ ಸಂಖ್ಯೆ ಹೇಳುತ್ತದೆ.

ಆ ಸಂಖ್ಯೆಯ ಮೊದಲ ಅಂಕಿಯನ್ನು ಗಮನಿಸಿ. 2 ಎಂದರೆ ಎಲ್ಲ ಸರಿ, ತೆಗೆದುಕೊಳ್ಳಿ. 3 ಎಂದರೆ ನೀವು ಕೇಳಿದ್ದು ಬೇರೆ ಕಡೆ ಇದೆ, ಅಲ್ಲಿಗೆ ಹೋಗಿ. 4 ಎಂದರೆ ಕೇಳಿದ್ದರಲ್ಲಿ ಏನೋ ತೊಂದರೆ. 5 ಎಂದರೆ ಸರ್ವರ್ ತಾನೇ ಎಡವಿದೆ. ಪುಟ ಸರಿಯಾಗಿ ಬಂದಾಗ ಸರ್ವರ್ 200 ಎನ್ನುತ್ತದೆ, ಆದರೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಹುಡುಗಿ ಕಂಡ 404ರ ಅರ್ಥ, "ಈ ವಿಳಾಸದಲ್ಲಿ ನನ್ನ ಬಳಿ ಏನೂ ಇಲ್ಲ" ಎಂದು. ಪುಟ ಅಳಿಸಿಹೋಗಿದೆ ಎಂದು ಅದು ಹೇಳುತ್ತಿಲ್ಲ, ನೋಡಿ. ಪಕ್ಕದ ಕೋಣೆಯಲ್ಲೇ ಇದ್ದರೂ ಅದು ಹೀಗೇ ಹೇಳುತ್ತದೆ.

ಅಂಚೆಯಣ್ಣ ಊಹಿಸಬಲ್ಲರು

2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ನಗರಗಳ ಹೆಸರು ಬದಲಾಯಿತು. ಗುಲ್ಬರ್ಗ ಹೋಗಿ ಕಲಬುರಗಿ ಆಯಿತು. ಆಮೇಲೂ ಎಷ್ಟೋ ಜನ ರೂಢಿಯಂತೆ ಗುಲ್ಬರ್ಗ ಎಂದೇ ಬರೆಯುತ್ತಿದ್ದರು. ಆ ಕಾಗದಗಳು ಕಳೆದುಹೋಗುವುದಿಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಅದರ ಮೇಲೆ ಇರುತ್ತದೆ. ಊರ ಹೆಸರು ಬದಲಾದರೂ 585101 ಬದಲಾಗಲಿಲ್ಲ. ಪಿನ್ ಇಲ್ಲದಿದ್ದರೂ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರಿಗೆ ಎರಡೂ ಒಂದೇ ಊರು ಎಂದು ಗೊತ್ತು.

ಸರ್ವರಿಗೆ ಈ ತಿಳಿವಳಿಕೆ ಇಲ್ಲ. ಅದು ಊಹಿಸುವುದಿಲ್ಲ. 'ಇಂಥ ವಿಳಾಸ ಬಂದರೆ ಇಂಥದ್ದು ಎಂದು ಓದಿಕೋ' ಎಂದು ನಾವೇ ಬರೆದಿಡಬೇಕು. ಹೀಗೆ ಬರೆದಿಡುವ ಸಾಲುಗಳೇ ವಿಳಾಸ ಪುನರ್ಬರಹದ ನಿಯಮಗಳು. ಅಪಾಚೆ ಎಂಬ ಸರ್ವರ್ ತಂತ್ರಾಂಶ 1995ರಲ್ಲಿ ಹೊರಬಂತು. ಅದಕ್ಕೆ ಈ ಸೌಲಭ್ಯವನ್ನು ರಾಲ್ಫ್ ಎಂಗಲ್‌ಶಾಲ್ ಎಂಬುವರು 1996ರಲ್ಲಿ ಬರೆದರು. ನಮ್ಮ ಜಾಲತಾಣ ಇದ್ದದ್ದೂ ಅಪಾಚೆಯಲ್ಲೇ.

ನೀವು ದಿನವೂ ಇಂಥ ನಿಯಮಗಳ ಉಪಕಾರ ಪಡೆಯುತ್ತಿದ್ದೀರಿ. ಕನ್ನಡ ವಿಕಿಪೀಡಿಯದಲ್ಲಿ ಯಾವುದಾದರೂ ಲೇಖನ ತೆರೆಯಿರಿ. ವಿಳಾಸದಲ್ಲಿ 'ವಿಕಿ' ಎಂಬ ಪದ, ಒಂದು ಓರೆಗೆರೆ, ಆಮೇಲೆ ಲೇಖನದ ಹೆಸರು. ಅಷ್ಟೇ. ಆದರೆ ಪ್ರತಿ ಲೇಖನಕ್ಕೂ ಅಲ್ಲಿ ಒಂದೊಂದು ಕಡತ ಇಲ್ಲ. ಒಂದೇ ಒಂದು ಕಾರ್ಯಕ್ರಮ ಇದೆ. ಅದು ಲೇಖನದ ಹೆಸರನ್ನು ಕೇಳಿಕೊಂಡು ಪುಟವನ್ನು ಆಗಲೇ ಕಟ್ಟಿ ಕೊಡುತ್ತದೆ. ಚಿಕ್ಕ ವಿಳಾಸವನ್ನು ಆ ಕಾರ್ಯಕ್ರಮಕ್ಕೆ ಮುಟ್ಟಿಸುವುದು ಒಳಗಿನ ನಿಯಮ.

ನಿಯಮದಲ್ಲಿ ಎರಡು ಬಗೆ ಇದೆ. ಒಂದು ವಿಕಿಪೀಡಿಯದಂತೆ ಒಳಗಿಂದೊಳಗೇ ನಡೆಯುವುದು. ನೀವು ಅಂಗಡಿಯಲ್ಲಿ ಬೆಲ್ಲ ಕೇಳುತ್ತೀರಿ, ಅಂಗಡಿಯವರು ಹಿಂದಿನ ಕೋಣೆಗೆ ಹೋಗಿ ತಂದು ಕೊಡುತ್ತಾರೆ. ಅದು ಎಲ್ಲಿತ್ತು ಎಂದು ನಿಮಗೆ ತಿಳಿಯುವುದಿಲ್ಲ. ಬ್ರೌಸರಿನ ಮೇಲ್ಗಡೆ ಕಾಣುವ ವಿಳಾಸ ಬದಲಾಗುವುದಿಲ್ಲ. ಇನ್ನೊಂದು, "ಬೆಲ್ಲ ನಮ್ಮ ಇನ್ನೊಂದು ಅಂಗಡಿಯಲ್ಲಿದೆ, ಅಲ್ಲಿಗೆ ಹೋಗಿ" ಎಂದು ಕಳಿಸುವುದು. ಆಗ ಬ್ರೌಸರ್ ಹೊಸ ವಿಳಾಸಕ್ಕೆ ಮತ್ತೆ ಹೋಗಿ ಕೇಳುತ್ತದೆ, ಮೇಲಿನ ವಿಳಾಸವೂ ಬದಲಾಗುತ್ತದೆ. ಸರ್ವರ್ 301 ಎಂದರೆ ಈ ಬದಲಾವಣೆ ಶಾಶ್ವತ, 302 ಎಂದರೆ ತಾತ್ಕಾಲಿಕ. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ. ಮೂರನೇ ಸಂಜೆ ಇವು ನನ್ನನ್ನು ಚೆನ್ನಾಗಿ ಕಾಡಿದವು.

ಮೊದಲ ಸಂಜೆ: ಏನೂ ಆಗಲಿಲ್ಲ

ನಾನು ಬರೆದ ಮೊದಲ ನಿಯಮ ಹೀಗಿತ್ತು: ವಿಳಾಸದಲ್ಲಿ 'ಮಳೆ' ಎಂದು ಇದ್ದರೆ ಅದರ ಜಾಗದಲ್ಲಿ 'ಹವಾಮಾನ/ಮಳೆ' ಎಂದು ಓದಿಕೋ.

(ನಮ್ಮ ವಿಳಾಸಗಳು ನಿಜವಾಗಿ ಇಂಗ್ಲಿಷ್ ಅಕ್ಷರಗಳಲ್ಲಿದ್ದವು. ನಿಮಗೆ ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲೂ ವಿಳಾಸ ಇರಬಹುದು. ಆದರೆ ಅದು ತಂತಿಯಲ್ಲಿ ಸಾಗುವಾಗ ಪ್ರತಿ ಕನ್ನಡ ಚಿಹ್ನೆಯೂ ಒಂಬತ್ತು ಗುರುತುಗಳಾಗಿ ಉದ್ದವಾಗುತ್ತದೆ. 'ಶಾಲೆ' ಎಂಬ ಪದದಲ್ಲಿ ಶ, ದೀರ್ಘ, ಲ, ಎತ್ವ ಎಂದು ನಾಲ್ಕು ಚಿಹ್ನೆ, ಅಂದರೆ 36 ಗುರುತು! ವಿಕಿಪೀಡಿಯದ ಕನ್ನಡ ವಿಳಾಸವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಉದ್ದ ಬಾಲ ಬರುವುದು ಇದರಿಂದಲೇ. ಅಪಾಚೆ ನಿಯಮದೊಂದಿಗೆ ಹೋಲಿಸುವ ಮೊದಲು ಆ ಬಾಲವನ್ನು ಮತ್ತೆ ಬಿಚ್ಚಿಕೊಳ್ಳುತ್ತದೆ.)

ನಿಯಮ ಬರೆದು, ಹಳೆಯ ವಿಳಾಸ ಒತ್ತಿದೆ. 404. ಒಂದು ಅಕ್ಷರ ಬದಲಿಸಿದೆ. 404. ಹಿಂದು ಮುಂದು ಮಾಡಿದೆ. 404. ಒಂದು ಗಂಟೆ ಹೀಗೇ ಹೋಯಿತು. ಆಮೇಲೆ ನನಗೆ ನಾನೇ ಕೇಳಿಕೊಂಡೆ: ಸರ್ವರ್ ನನ್ನ ನಿಯಮವನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದೆಯೋ, ಅಥವಾ ಓದಿಯೇ ಇಲ್ಲವೋ? ಉತ್ತರ ಪತ್ರಿಕೆ ತಿದ್ದುವ ಮೊದಲು ಮಗು ಪ್ರಶ್ನೆಪತ್ರಿಕೆ ನೋಡಿದೆಯೇ ಎಂದು ಕೇಳಬೇಡವೇ?

ಇದನ್ನು ಕಂಡುಹಿಡಿಯಲು ಒಂದು ತಮಾಷೆಯ ಉಪಾಯ ಇದೆ. ನಿಯಮಗಳ ಕಡತದಲ್ಲಿ ಬೇಕೆಂದೇ ಅರ್ಥವಿಲ್ಲದ ಒಂದು ಸಾಲು ಬರೆಯುವುದು. ಸರ್ವರ್ ಆ ಕಡತವನ್ನು ಓದುತ್ತಿದ್ದರೆ ಮುಗ್ಗರಿಸಬೇಕು, 500 ಎನ್ನಬೇಕು. ಓದುತ್ತಿಲ್ಲವಾದರೆ ಜಾಲತಾಣ ಏನೂ ಆಗದಂತೆ ನಡೆಯುತ್ತದೆ. (ಇದನ್ನು ಜನ ಬಳಸುವ ಹೊತ್ತಿನಲ್ಲಿ ಮಾಡಬಾರದು. ನಾನು ರಾತ್ರಿ ಊಟವಾದ ಮೇಲೆ ಮಾಡಿದೆ.) ಹಾಳು ಸಾಲು ಬರೆದು ನೋಡಿದರೆ, ಜಾಲತಾಣ ನಗುನಗುತ್ತಾ ತೆರೆಯಿತು! ನನ್ನ ಕಡತವನ್ನು ಅದು ಕಣ್ಣೆತ್ತಿಯೂ ನೋಡಿರಲಿಲ್ಲ.

ಕಾರಣ ಸರಳ. ಒಂದೊಂದು ಕಡತಕೋಶದಲ್ಲೂ ಇರುವ ಇಂಥ ನಿಯಮದ ಕಡತಗಳನ್ನು ಓದಲು ಸರ್ವರಿಗೆ ಅನುಮತಿ ಕೊಟ್ಟಿರಬೇಕು. ಅಪಾಚೆಯ ಈಗಿನ ಆವೃತ್ತಿಗಳಲ್ಲಿ ಯಾರೂ ಹೇಳದಿದ್ದರೆ ಆ ಅನುಮತಿ ಇರುವುದಿಲ್ಲ. ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಅನುಮತಿ ಹಾಕಿಸಿಕೊಂಡೆ. ಮತ್ತೆ ನೋಡಿದರೆ 500. ತಪ್ಪು ಬಂದಿದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಹಾಳು ಸಾಲನ್ನು ಅಳಿಸಿ ಮಲಗಿದೆ.

ಎರಡನೇ ಸಂಜೆ: ಹವಾಮಾನದ ಒಳಗೆ ಹವಾಮಾನ

ಮರುದಿನ ಸಂಜೆ ಹಳೆಯ ವಿಳಾಸ ಒತ್ತಿದೆ. ಈಗ 404 ಇಲ್ಲ, ಆದರೆ ಮತ್ತೆ 500! ಹಾಳು ಸಾಲನ್ನು ಅಳಿಸಿದ್ದೇನಲ್ಲ, ಇನ್ನೇನು?

ಊಹೆ ಬಿಟ್ಟು ದಿನಚರಿ ತೆರೆದೆ. ಸರ್ವರ್ ತಾನು ಮಾಡಿದ ಕೆಲಸವನ್ನು ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಇದನ್ನು ಲಾಗ್ ಎನ್ನುತ್ತಾರೆ. 2012ರಲ್ಲಿ ಬಂದ ಅಪಾಚೆ 2.4ರಿಂದ, ನಿಯಮಗಳನ್ನು ಹೋಲಿಸಿದ ಒಂದೊಂದು ಹೆಜ್ಜೆಯನ್ನೂ ಆ ದಿನಚರಿಯಲ್ಲೇ ಬರೆಯುವಂತೆ ಕೇಳಬಹುದು. ಸರ್ವರ್ ನೋಡಿಕೊಳ್ಳುವವರು ಅದನ್ನು ಒಂದು ಗಂಟೆ ಮಾತ್ರ ಚಾಲೂ ಮಾಡಿದರು. ಇಡೀ ದಿನ ಬಿಟ್ಟರೆ ದಿನಚರಿ ಬೆಟ್ಟದಷ್ಟಾಗುತ್ತದೆ, ಸರ್ವರೂ ನಿಧಾನವಾಗುತ್ತದೆ. ಅಲ್ಲಿ ನಾನು ಕಂಡದ್ದನ್ನು ಸರಳವಾಗಿ ಬರೆದರೆ ಹೀಗಿತ್ತು:

ಮಳೆ
ಹವಾಮಾನ/ಮಳೆ
ಹವಾಮಾನ/ಹವಾಮಾನ/ಮಳೆ
ಹವಾಮಾನ/ಹವಾಮಾನ/ಹವಾಮಾನ/ಮಳೆ

ಹೀಗೆ ಕೆಳಗೆ ಕೆಳಗೆ. ಏನಾಯಿತು ಎಂದು ಮುಂದೆ ಓದುವ ಮೊದಲು ನೀವೇ ಒಂದು ನಿಮಿಷ ಯೋಚಿಸಿ.

ನಿಯಮ ಏನು ಹೇಳುತ್ತದೆ? 'ಮಳೆ' ಎಂದು ಇದ್ದರೆ 'ಹವಾಮಾನ/ಮಳೆ' ಮಾಡು. ಸರ್ವರ್ ಹಾಗೇ ಮಾಡಿತು. ಇಂಥ ಕಡತದಲ್ಲಿರುವ ನಿಯಮಗಳ ವಿಷಯದಲ್ಲಿ ಅಪಾಚೆಗೆ ಒಂದು ಅಭ್ಯಾಸ ಇದೆ. ವಿಳಾಸ ಬದಲಾದರೆ, ಹೊಸ ವಿಳಾಸವನ್ನು ಹಿಡಿದುಕೊಂಡು ಮತ್ತೆ ಮೊದಲ ನಿಯಮದಿಂದ ಓದಲು ಶುರು ಮಾಡುತ್ತದೆ. ಹೊಸ ವಿಳಾಸದಲ್ಲಿ 'ಮಳೆ' ಇದೆಯೇ? ಇದೆ! ಹಾಗಾದರೆ ಇನ್ನೊಂದು 'ಹವಾಮಾನ' ಸೇರಿಸು. ಈಗ 'ಮಳೆ' ಇದೆಯೇ? ಈಗಲೂ ಇದೆ. ಗಾಣದ ಎತ್ತಿನಂತೆ ಸುತ್ತುವುದೇ ಆಯಿತು. ಇದಕ್ಕೆ ಅಂತ್ಯವೇ ಇಲ್ಲ ಎಂದು ತಿಳಿದೇ ಅಪಾಚೆಯನ್ನು ಮಾಡಿದವರು ಒಂದು ಮಿತಿ ಇಟ್ಟಿದ್ದಾರೆ. ಯಾರೂ ಬದಲಿಸದಿದ್ದರೆ ಆ ಮಿತಿ 10. ಅಷ್ಟು ಸಲ ಒಳಗಿಂದೊಳಗೆ ಸುತ್ತಿದ ಮೇಲೆ ಸರ್ವರ್ ಕೈಚೆಲ್ಲಿ 500 ಎನ್ನುತ್ತದೆ. ಈ ಸುತ್ತಾಟ "ಅಲ್ಲಿಗೆ ಹೋಗಿ" ಎನ್ನುವ ಎರಡನೇ ಬಗೆಯ ನಿಯಮದಲ್ಲಿ ನಡೆದರೆ ಬ್ರೌಸರೇ ಎಣಿಸಿ ನಿಲ್ಲಿಸುತ್ತದೆ, "ಈ ಪುಟ ನನ್ನನ್ನು ಅಲೆಸುತ್ತಿದೆ" ಎಂಬ ಅರ್ಥದ ಸಂದೇಶ ತೋರಿಸುತ್ತದೆ.

ಸರ್ವರ್ ದಡ್ಡ ಎಂದು ಬೈಯಬೇಡಿ. ನಾನು ಹೇಳಿದ್ದನ್ನೇ ಅದು ಮಾಡಿತು. 'ವಿಳಾಸದಲ್ಲಿ ಎಲ್ಲೇ ಆಗಲಿ ಮಳೆ ಇದ್ದರೆ' ಎಂದು ನಾನೇ ಹೇಳಿದ್ದೆ. ನನ್ನ ಮನಸ್ಸಿನಲ್ಲಿ ಇದ್ದದ್ದು 'ವಿಳಾಸ ಮಳೆ ಎಂದೇ ಶುರುವಾದರೆ' ಎಂದು. ಇದನ್ನು ಹೇಳಲು ಒಂದು ಗುರುತು ಇದೆ: ^. ಮನೆಯ ಮಾಡಿನಂತೆ ಕಾಣುವ ಈ ಗುರುತನ್ನು ಪದದ ಮುಂದೆ ಇಟ್ಟರೆ 'ಆರಂಭದಲ್ಲೇ ಇರಬೇಕು' ಎಂದು ಅರ್ಥ. $ ಗುರುತನ್ನು ಕೊನೆಗೆ ಇಟ್ಟರೆ 'ಇಲ್ಲಿಗೆ ಮುಗಿದಿರಬೇಕು' ಎಂದು. ಒಂದು ಪದವನ್ನಲ್ಲ, ಪದಗಳ ಗುಂಪನ್ನೇ ಹೀಗೆ ಮಾದರಿಯಾಗಿ ಬರೆಯುವ ಗಣಿತವನ್ನು 1950ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಕ್ಲೀನಿ ರೂಪಿಸಿದರು. ಆಗ ಅಂತರಜಾಲ ಇನ್ನೂ ಯಾರ ಕನಸಿನಲ್ಲೂ ಇರಲಿಲ್ಲ.

ನಿಯಮವನ್ನು ^ಮಳೆ ಎಂದು ತಿದ್ದಿದೆ. 'ಮಳೆ' ಎಂದು ಕೇಳಿದರೆ 'ಹವಾಮಾನ/ಮಳೆ' ಆಗುತ್ತದೆ. ಅದು 'ಹ' ಅಕ್ಷರದಿಂದ ಶುರುವಾಗುವುದರಿಂದ ನಿಯಮ ಮತ್ತೆ ಅದನ್ನು ಮುಟ್ಟುವುದಿಲ್ಲ. ಪುಟ ತೆರೆಯಿತು. 122 ದಿನದ ಲೆಕ್ಕವೂ ಕಣ್ಣಮುಂದೆ. ಉತ್ಸಾಹದಲ್ಲಿ ಇನ್ನೊಂದು ಕೆಲಸ ಮಾಡಿದೆ. ಎಲ್ಲರಿಗೂ ಹೊಸ ವಿಳಾಸವೇ ರೂಢಿಯಾಗಲಿ ಎಂದು ನಿಯಮವನ್ನು ಒಳಗಿನ ಬಗೆಯಿಂದ 'ಅಲ್ಲಿಗೆ ಹೋಗಿ' ಎನ್ನುವ ಬಗೆಗೆ ಬದಲಿಸಿ 301 ಎಂದು ಹಾಕಿದೆ. ಶಾಶ್ವತ!

ಮೂರನೇ ದಿನ: ಮಳೆಬಿಲ್ಲು ಕಾಣೆ

ಬೆಳಿಗ್ಗೆ ಹತ್ತೂವರೆಗೆ ಒಬ್ಬ ಶಿಕ್ಷಕರ ಫೋನ್. "ಮೇಡಂ, ಎಂಟನೇ ತರಗತಿಗೆ ಬೆಳಕಿನ ಪಾಠ ಮಾಡ್ತಾ ಇದ್ದೆ. ಮಳೆಬಿಲ್ಲಿನ ಪುಟ ನಿನ್ನೆಯವರೆಗೂ ಬರ್ತಿತ್ತು. ಇವತ್ತು 404 ಅಂತಿದೆ."

ಅವರು ಫೋನ್ ಇಡುವ ಮೊದಲೇ ನನಗೆ ಹೊಳೆಯಿತು. ನಿಮಗೂ ಹೊಳೆಯಿತೇ? 'ಮಳೆಬಿಲ್ಲು' ಎಂಬ ಪದ ಶುರುವಾಗುವುದು ಯಾವುದರಿಂದ? 'ಮಳೆ'ಯಿಂದ! ಸರ್ವರಿಗೆ ಪದದ ಅರ್ಥ ಗೊತ್ತಿಲ್ಲ, ಅಕ್ಷರಗಳ ಸಾಲು ಮಾತ್ರ ಗೊತ್ತು. ಮಳೆಬಿಲ್ಲು ಕೇಳಿದವರನ್ನೂ 'ಹವಾಮಾನ/ಮಳೆಬಿಲ್ಲು' ಎಂಬ, ಇಲ್ಲದ ವಿಳಾಸಕ್ಕೆ ಅಟ್ಟುತ್ತಿತ್ತು. 'ಮಳೆಕೊಯ್ಲು' ಪುಟದ ಗತಿಯೂ ಅದೇ. ಹಿಂದಿನ ರಾತ್ರಿ ನಾನು ಪರೀಕ್ಷಿಸಿದ್ದು ಬದಲಾಗಬೇಕಾದ ಒಂದು ವಿಳಾಸವನ್ನು ಮಾತ್ರ. ಬದಲಾಗಬಾರದ ವಿಳಾಸಗಳನ್ನು ಒತ್ತಿ ನೋಡಿರಲೇ ಇಲ್ಲ. ಪ್ರಯೋಗಾಲಯದಲ್ಲಿ ಎರಡು ಗಿಡ ಇಟ್ಟು ಒಂದಕ್ಕೆ ಮಾತ್ರ ಗೊಬ್ಬರ ಹಾಕಿ ಹೋಲಿಸಿ ಎಂದು ನಿಮಗೆ ಎಷ್ಟು ಸಲ ಹೇಳಿದ್ದೇನೋ, ನಾನೇ ಅದನ್ನು ಮರೆತಿದ್ದೆ.

ಆ ಸಂಜೆ ಮೊದಲು ಒಂದು ಹಾಳೆ ತೆಗೆದುಕೊಂಡು, ಪರೀಕ್ಷಿಸಬೇಕಾದ ವಿಳಾಸಗಳನ್ನೆಲ್ಲ ಬರೆದು, ಪ್ರತಿಯೊಂದರ ಎದುರು ಏನಾಗಬೇಕು ಎಂದು ಬರೆದೆ. ಆಮೇಲೆ ನಿಯಮಕ್ಕೆ ಕೈ ಹಾಕಿದೆ. 'ಮಳೆ' ಆದ ಮೇಲೆ ಓರೆಗೆರೆ ಬರಲೇಬೇಕು ಎಂದು ^ಮಳೆ/ ಎಂದು ತಿದ್ದಿದೆ. ಮಳೆಬಿಲ್ಲಿನಲ್ಲಿ 'ಮಳೆ' ಆದ ಮೇಲೆ 'ಬಿ' ಬರುತ್ತದೆ, ಆದ್ದರಿಂದ ಅದು ಪಾರು. 'ಮಳೆ/ಜುಲೈ' ಸರಿಯಾಗಿ ಹೊಸ ಜಾಗಕ್ಕೆ ಹೋಯಿತು. ಹಾಳೆಯಲ್ಲಿ ಗೆರೆ ಎಳೆಯುತ್ತಾ ಬಂದೆ. ಬರೇ 'ಮಳೆ' ಎಂಬ ವಿಳಾಸಕ್ಕೆ ಬಂದಾಗ ಮತ್ತೆ 404!

ಪತ್ರಿಕೆಯಲ್ಲಿ ಅಚ್ಚಾಗಿದ್ದದ್ದು ಅದೇ, ಕೊನೆಗೆ ಓರೆಗೆರೆ ಇಲ್ಲದ 'ಮಳೆ'. ಆ ಹುಡುಗಿ ಒತ್ತಿದ್ದೂ ಅದನ್ನೇ. ಹಾಳೆ ಬರೆಯದೆ ಇದ್ದಿದ್ದರೆ, ಎಲ್ಲ ಸರಿಯಾಯಿತು ಎಂದು ಮಲಗಿಬಿಡುತ್ತಿದ್ದೆ.

ಕೊನೆಗೆ ನಿಂತ ಮಾದರಿ ಇದು: ^ಮಳೆ(/|$). ನೋಡಲು ಮಂತ್ರದಂತೆ ಇದೆ, ಬಿಡಿಸಿದರೆ ಏನೂ ಇಲ್ಲ. ಆರಂಭದಲ್ಲೇ 'ಮಳೆ' ಇರಬೇಕು. ಅದಾದ ಮೇಲೆ ಓರೆಗೆರೆ ಇರಬೇಕು, ಅಥವಾ ವಿಳಾಸ ಅಲ್ಲಿಗೆ ಮುಗಿದಿರಬೇಕು. ನಡುವಿನ ನಿಂತ ಗೆರೆಗೆ 'ಅಥವಾ' ಎಂದು ಅರ್ಥ. ಅಷ್ಟೇ.

ಇಷ್ಟಾದರೂ ನನ್ನ ಕಂಪ್ಯೂಟರಿನಲ್ಲಿ ಮಳೆಬಿಲ್ಲು ಮಾತ್ರ 404 ಎಂದೇ ತೋರಿಸುತ್ತಿತ್ತು. ನಿಯಮ ಹತ್ತು ಸಲ ಓದಿದೆ, ಸರಿಯಾಗಿದೆ. ದಿನಚರಿ ನೋಡಿದೆ. ಅಲ್ಲಿ ನಾನು 'ಮಳೆಬಿಲ್ಲು' ಕೇಳಿದ ಸಾಲೇ ಇಲ್ಲ! ನೇರವಾಗಿ 'ಹವಾಮಾನ/ಮಳೆಬಿಲ್ಲು' ಕೇಳಿದ ಸಾಲುಗಳಿವೆ. ಸರ್ವರನ್ನು ಕೇಳದೆಯೇ ವಿಳಾಸ ಬದಲಿಸುತ್ತಿರುವವರು ಯಾರು? ಮಗಳ ಮೊಬೈಲಿನಲ್ಲಿ ಒತ್ತಿ ನೋಡಿದೆ. ಮಳೆಬಿಲ್ಲು ಏಳು ಬಣ್ಣದಲ್ಲಿ ಬಂದು ನಿಂತಿತು.

ಕಳ್ಳ ಸಿಕ್ಕಿದ. ನನ್ನ ಬ್ರೌಸರೇ! ಶಿಕ್ಷಕರ ಫೋನ್ ಬಂದ ಕೂಡಲೇ ನಾನು ಮಳೆಬಿಲ್ಲಿನ ಪುಟ ಒತ್ತಿ ನೋಡಿದ್ದೆ. ಆಗ ಸರ್ವರ್ 301 ಎಂದಿತ್ತು, ಶಾಶ್ವತ ಎಂದಿತ್ತು. ಬ್ರೌಸರ್ ಆ ಮಾತನ್ನು ನಂಬಿ ನೆನಪಿಟ್ಟುಕೊಂಡಿತ್ತು. ಶಾಶ್ವತ ಎಂದ ಮೇಲೆ ಮತ್ತೆ ಯಾಕೆ ಕೇಳಬೇಕು? ಬ್ರೌಸರಿನ ನೆನಪನ್ನು ಅಳಿಸಿದೆ, ಸರಿಹೋಯಿತು. ಆ ಶಿಕ್ಷಕರಿಗೂ ಫೋನ್ ಮಾಡಿ ಅಳಿಸಲು ಹೇಳಿದೆ. ಅಂದಿನಿಂದ ಹೊಸ ನಿಯಮವನ್ನು ಮೊದಲು 302 ಹಾಕಿ ಪರೀಕ್ಷಿಸುತ್ತೇನೆ. ಹಾಳೆಯ ಎಲ್ಲ ಸಾಲಿಗೂ ಗೆರೆ ಬಿದ್ದ ಮೇಲಷ್ಟೇ 301.

ನಿಯಮಗಳು ಒಂದಕ್ಕಿಂತ ಹೆಚ್ಚಾದಾಗ ಅವುಗಳ ಸರದಿಯೂ ಮುಖ್ಯ. ಸರ್ವರ್ ಮೇಲಿನಿಂದ ಕೆಳಗೆ ಓದುತ್ತದೆ. 'ಯಾವ ವಿಳಾಸ ಬಂದರೂ ಮುಖಪುಟಕ್ಕೆ ಕಳಿಸು, ಇಲ್ಲಿಗೆ ನಿಲ್ಲಿಸು' ಎಂದು ಮೊದಲ ಸಾಲಿನಲ್ಲೇ ಇದ್ದರೆ ಕೆಳಗಿನವರಿಗೆ ಸರದಿ ಬರುವುದೇ ಇಲ್ಲ. ನನಗೆ ಆ ತೊಂದರೆ ಬರಲಿಲ್ಲ, ನಮ್ಮಲ್ಲಿ ಇದ್ದದ್ದೇ ಒಂದು ನಿಯಮ.

ಜಾಲವನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ, ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬೇಡಿ ಎಂದು ಒಂದು ಲೇಖನ ಬರೆದಿದ್ದರು. ಅವರು ಜಾಲವನ್ನು ಕಟ್ಟಿದ್ದು ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ. 2013ರಲ್ಲಿ ಅಲ್ಲಿನವರು ಜಗತ್ತಿನ ಮೊದಲ ಜಾಲತಾಣವನ್ನು ಅದರ ಮೊದಲಿನ ವಿಳಾಸದಲ್ಲೇ ಮತ್ತೆ ಇಟ್ಟರು. ಆ ಲೇಖನವನ್ನು ನಾನು ಓದಿದ್ದು ಮಾತ್ರ ಈ ಮೂರು ಸಂಜೆ ಕಳೆದ ಮೇಲೆ!

ಮಾಡಿ ನೋಡಿ

ಇದಕ್ಕೆ ಕಂಪ್ಯೂಟರ್ ಬೇಡ. ನಾಲ್ಕು ಚೀಟಿ ಮಾಡಿ, ಒಂದೊಂದರ ಮೇಲೆ ಒಂದೊಂದು ವಿಳಾಸ ಬರೆಯಿರಿ: ನೀರು, ನೀರು/ಕೆರೆ, ನೀರುಳ್ಳಿ, ಕುಡಿಯುವ-ನೀರು. 'ನೀರು' ಎಂಬ ಕಡತಕೋಶವನ್ನು 'ಪರಿಸರ'ದ ಒಳಗೆ ಇಟ್ಟಿದ್ದೇವೆ ಎಂದುಕೊಳ್ಳಿ. ಉಳಿದವು ಇದ್ದಲ್ಲೇ ಇವೆ. ಒಬ್ಬರು ಬ್ರೌಸರ್ ಆಗಿ ಚೀಟಿ ಕೊಡಲಿ. ಇನ್ನೊಬ್ಬರು ಸರ್ವರ್ ಆಗಿ, ನಿಯಮದ ಪ್ರಕಾರ ಚೀಟಿಯ ಮೇಲಿನ ವಿಳಾಸವನ್ನು ತಿದ್ದಿ, ತಿದ್ದಿದ್ದನ್ನು ಮತ್ತೆ ಮೊದಲಿನಿಂದ ಹೋಲಿಸಲಿ. ಸರ್ವರ್ ಆದವರು ಸ್ವಂತ ಬುದ್ಧಿ ಉಪಯೋಗಿಸುವಂತಿಲ್ಲ! ಮೊದಲ ಸುತ್ತಿನಲ್ಲಿ ನಿಯಮ 'ಎಲ್ಲೇ ನೀರು ಇದ್ದರೂ', ಎರಡನೆಯದರಲ್ಲಿ 'ನೀರು ಎಂದು ಶುರುವಾದರೆ', ಮೂರನೆಯದರಲ್ಲಿ 'ನೀರು ಎಂದು ಶುರುವಾಗಿ ಓರೆಗೆರೆ ಬಂದರೆ'. ಯಾವ ಸುತ್ತಿನಲ್ಲಿ ಯಾವ ಚೀಟಿ ಹಾಳಾಯಿತು ಎಂದು ಕರಿಹಲಗೆಯ ಮೇಲೆ ಬರೆಯಿರಿ. ನೀರುಳ್ಳಿ ಎಷ್ಟನೇ ಸುತ್ತಿನಲ್ಲಿ ಪಾರಾಗುತ್ತದೆ? ಮೂರನೇ ಸುತ್ತಿನಲ್ಲಿ 404 ಕಾಣುವ ಚೀಟಿ ಯಾವುದು?

ಅಂದ ಹಾಗೆ, ಎರಡು ವಾರದ ಮೇಲೆ ಆ ಹುಡುಗಿಯಿಂದ ಇನ್ನೊಂದು ಕಾರ್ಡು ಬಂತು. "ಮೇಡಂ, ಪುಟ ಬಂತು. ಹೆಡ್ ಮಾಸ್ಟರ್ ಎಲ್ಲರಿಗೂ ತೋರಿಸಿದರು. ಆದರೆ ಜುಲೈ 18ರ ಮಳೆ 43 ಮಿ.ಮೀ. ಎಂದು ಇದೆ. ಅದು 34. ಅಂದು ಅಳೆದದ್ದು ನಾನೇ. ದಯವಿಟ್ಟು ತಿದ್ದಿರಿ."

ಕಪಾಟಿನಿಂದ ಪುಸ್ತಕ ತೆಗೆದು ನೋಡಿದೆ. 34 ಎಂದೇ ಇತ್ತು. ತಿದ್ದಿದೆ.